ಮಳವಳ್ಳಿಯ ಚೀಟಿ ಹೊತ್ತ ಏಡಿಗಳು

ಮಳವಳ್ಳಿ ಕೆರೆಯದೆಂದು ನಾನು ಚೀಟಿ ಅಂಟಿಸಿದ ಏಡಿಗಳಲ್ಲಿ ಒಂದೂ ಮಳವಳ್ಳಿಯದಾಗಿರಲಿಲ್ಲ, ಸಿದ್ದರಾಜು. ಎಲ್ಲವೂ ನಿಮ್ಮ ಕೊಪ್ಪದವು. ನಿಮ್ಮ ಅವ್ವನೇ ಗದ್ದೆಯ ಬದುವಿನ ಬಿಲಕ್ಕೆ ಕೈಹಾಕಿ ಹಿಡಿದುಕೊಟ್ಟವು. ಇದನ್ನು ಎಂಟು ವರ್ಷ ಯಾರಿಗೂ ಹೇಳಿಲ್ಲ — ಹೆಂಡತಿಗೂ ಇಲ್ಲ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಕ್ರಮವಾಗಿ ಹೇಳದಿದ್ದರೆ ನಡುವೆ ಎಲ್ಲೋ ಜಾರಿಕೊಂಡುಬಿಡುತ್ತೇನೆ. ನನ್ನ ಗುಣ ನನಗೆ ಗೊತ್ತು.

ಎಪ್ಪತ್ತೊಂದರಲ್ಲಿ ನಾವಿಬ್ಬರೂ ಮೈಸೂರಿನಲ್ಲಿ ಒಬ್ಬರೇ ಪ್ರೊಫೆಸರ ಕೈಕೆಳಗೆ ಸಂಶೋಧನೆಗೆ ಸೇರಿದೆವು. ಅವರು ಅದುವರೆಗೆ ಕರಾವಳಿಯ ಏಡಿಗಳ ಮೇಲೆ ಕೆಲಸ ಮಾಡಿದವರು. ಸಮುದ್ರದ ಏಡಿಯ ಮರಿಗಳು ನೀರಿನ ಸೆಳೆತದಲ್ಲಿ ಊರಿಂದೂರಿಗೆ ತೇಲಿಹೋಗುತ್ತವೆ, ಹಾಗಾಗಿ ದೂರದೂರದ ಏಡಿಗಳ ವಂಶವಾಹಿಗಳೂ ಒಂದರೊಳಗೊಂದು ಬೆರೆತಿರುತ್ತವೆ ಎನ್ನುತ್ತಿದ್ದರು. ನಮ್ಮ ಗದ್ದೆಯ ಏಡಿ ಹಾಗಲ್ಲ. ತಾಯಿ ಮರಿಗಳನ್ನು ಹೊಟ್ಟೆಯ ಕೆಳಗೆ ಹೊತ್ತುಕೊಂಡೇ ತಿರುಗುತ್ತದೆ. ಹಾಗಾದರೆ ಕೊಪ್ಪದ ಏಡಿಗೂ ಮಳವಳ್ಳಿಯ ಏಡಿಗೂ ನಂಟು ಉಂಟೋ ಇಲ್ಲವೋ — ಇದು ನಮ್ಮ ಪ್ರಶ್ನೆ. ಇಬ್ಬರೂ ಎರಡೂ ಊರಿನ ಏಡಿಗಳನ್ನು ಬೇರೆ ಬೇರೆಯಾಗಿ ತರಬೇಕು, ಒಬ್ಬರ ಮಾಲನ್ನು ಇನ್ನೊಬ್ಬರು ಮುಟ್ಟಬಾರದು, ಕೊನೆಗೆ ಪಕ್ಕಪಕ್ಕದಲ್ಲಿಟ್ಟು ನೋಡೋಣ ಎಂದರು.

ಮದ್ದೂರಿನ ಕಡೆಯ ಕೊಪ್ಪ ನಿನ್ನೂರು. ಕೂಲಿ ಮಾಡುವವರ ಮನೆಯಿಂದ ಪದವಿ ಪಡೆದ ಮೊದಲನೆಯವನು ನೀನು. ಮಳವಳ್ಳಿ ನನ್ನೂರು, ನಮ್ಮಪ್ಪ ಅಲ್ಲಿ ಅರ್ಚಕರು. ಮಗ ಮೈಸೂರಿನಲ್ಲಿ ಗಿಡಮರಗಳ ಬಗ್ಗೆ ಓದುತ್ತಿದ್ದಾನೆಂದು ಅವರು ನಂಬಿದ್ದರು — ಆ ಸುಳ್ಳೂ ನನ್ನದೇ. ಕೆರೆಯ ಹತ್ತಿರ ಬಟ್ಟೆ ಒಗೆಯುವವರು, ಎಮ್ಮೆ ತೊಳೆಯುವವರು ಎಲ್ಲರೂ ನನ್ನನ್ನು ಬಲ್ಲವರು. ಅವರೆದುರು ಪಂಚೆ ಎತ್ತಿಕಟ್ಟಿ ಏಡಿಯ ಬಿಲಕ್ಕೆ ಕೈಹಾಕಿದರೆ ಸಂಜೆಯೊಳಗೆ ಸುದ್ದಿ ಮನೆ ಮುಟ್ಟುತ್ತದೆ. ಎರಡು ಸಲ ಚೀಲ ಹಿಡಿದು ಏರಿಯವರೆಗೆ ಹೋದೆ. ಎರಡು ಸಲವೂ ಎದುರು ಸಿಕ್ಕವರನ್ನು ಮಾತಾಡಿಸಿ, ಸುಮ್ಮನೆ ಗಾಳಿಗೆ ಬಂದವನ ಹಾಗೆ ಹಿಂದಿರುಗಿದೆ.

ಅಷ್ಟರಲ್ಲಿ ನೀನು ಎರಡೂ ಊರಿನ ಏಡಿಗಳನ್ನು ತಂದು ಮುಗಿಸಿದ್ದೆ. ಒಂದು ಭಾನುವಾರ, ನೀನು ಮೈಸೂರಿನಲ್ಲೇ ಉಳಿದಾಗ, ನಾನು ಕೊಪ್ಪಕ್ಕೆ ಹೋದೆ. ಅಲ್ಲಿ ನನ್ನನ್ನು ಕೇಳುವವರಿರಲಿಲ್ಲ. ನಿಮ್ಮ ಅವ್ವ ಒಂದು ಮಡಕೆ ತುಂಬ ಹಿಡಿದುಕೊಟ್ಟರು. ಇನ್ನೊಂದು ಬೇಕೆಂದೆ.

"ಇನ್ನೊಂದ್ ಮಡ್ಕೆ ಯಾಕ್ರಪ್ಪ ಅಯ್ನೋರೆ? ನೀವೇನ್ ಸಾರು ಮಾಡ್ಕಂಡ್ ತಿಂದೀರಾ?" ಎಂದು ನಕ್ಕರು.

"ಕೈ ಪಳಗಲಿ ಅಂತ. ಅಭ್ಯಾಸಕ್ಕೆ."

"ತಕ್ಕೊಳಿ, ಏಡಿಗೇನ್ ಬರವಾ. ನಮ್ ಸಿದ್ರಾಜನ್ನೂ ವಸಿ ನೋಡ್ಕಳಿ ಅಲ್ಲಿ."

ಆ ಎರಡನೆಯ ಮಡಕೆಗೆ ಮದ್ದೂರಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು 'ಮಳವಳ್ಳಿ' ಎಂದು ಚೀಟಿ ಅಂಟಿಸಿದೆ. ಕೈ ನಡುಗಿತು ಎಂದು ಬರೆಯಬಹುದಿತ್ತು. ನಡುಗಲಿಲ್ಲ. ಒಂದು ಪೀಡೆ ಕಳೆಯಿತೆಂದು ನಿರಾಳವಾಯಿತು, ಕಾಫಿ ಕುಡಿದೆ.

ಏಡಿಯ ಮಾಂಸದ ರಸವನ್ನು ಪಿಷ್ಟದ ಹಾಸಿನಲ್ಲಿಟ್ಟು ಕರೆಂಟು ಹರಿಸಿ, ಆಮೇಲೆ ಬಣ್ಣ ಕೊಟ್ಟರೆ ಗೆರೆಗಳು ಮೂಡುತ್ತವೆ. ಗೆರೆ ಎಲ್ಲಿ ನಿಂತಿದೆ ಎಂದು ನೋಡಿ ವಂಶದ ವ್ಯತ್ಯಾಸ ಹೇಳುತ್ತಿದ್ದೆವು. ನನ್ನ ಎರಡೂ ಊರಿನ ಗೆರೆಗಳು ಒಂದೇ ಜಾಗದಲ್ಲಿ ನಿಂತವು — ನಿಲ್ಲದೆ ಇನ್ನೇನು ಮಾಡಿಯಾವು? ನಿನ್ನ ಕೊಪ್ಪದ ಗೆರೆ ನನ್ನದಕ್ಕೆ ಹೊಂದಿತು. ಮಳವಳ್ಳಿಯದು ಹೊಂದಲಿಲ್ಲ.

"ದಾರಿಯಲ್ಲೇ ಮಾಲು ಕೆಡಿಸಿದ್ದೀಯಯ್ಯ," ಎಂದರು ಪ್ರೊಫೆಸರು. "ಏಡಿ ಸತ್ತು ಬಿಸಿಲಿಗೆ ಕೊಳೆತರೆ ಗೆರೆ ಜಾಗ ಬಿಡುತ್ತೆ. ಐಸು ಸರಿಯಾಗಿ ಹಾಕಿದ್ದೆಯಾ?"

"ಆಕಿದ್ದೆ ಸಾ." ನೀನು ತಡವರಿಸಿದೆ. "ಬಸ್ಸು ಕೆಟ್ಟು ನಿಂತಿತ್ತು ಸಾ... ವಸಿ ಕರಗಿತ್ತೇನೋ."

"ಶ್ರೀಕಂಠನದು ನೋಡು, ಎಷ್ಟು ಚೊಕ್ಕವಾಗಿದೆ."

ನೀನು ನನ್ನ ಕಡೆ ನೋಡಿದೆ. ಅನುಮಾನದಿಂದಲ್ಲ — ಅನುಮಾನಪಟ್ಟಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಗೆಳೆಯ ಒಂದು ಮಾತು ಹೇಳಿಯಾನು ಎಂದು ನೋಡಿದೆ. ನಾನು ಬಾಯಿ ಬಿಡಲಿಲ್ಲ. ಮತ್ತೆ ಹಿಡಿದು ತರುತ್ತೇನೆ ಎಂದೆ ನೀನು. ನಿನ್ನ ವಿದ್ಯಾರ್ಥಿವೇತನದ ಅವಧಿ ಮುಗಿಯುತ್ತ ಬಂದಿತ್ತು, ಮುಂದುವರಿಸಲು ಅವರು ಬರೆದುಕೊಡಲಿಲ್ಲ. ನೀನು ಪೆಟ್ಟಿಗೆ ಕಟ್ಟಿ ಹೊರಟೆ. ಬಸ್ ಹತ್ತಿಸಲು ಬಂದವನು ನಾನೇ.

ನೀನು ಬಸರಾಳಿನಲ್ಲಿ ಹೈಸ್ಕೂಲು ಮೇಷ್ಟರಾದೆ. ನಾನು ಡಾಕ್ಟರೇಟು ಪಡೆದು ಮಂಡ್ಯದ ಒಂದು ಕಾಲೇಜಿಗೆ ಅಧ್ಯಾಪಕನಾಗಿ ಬಂದೆ. ಮೊದಲ ವರ್ಷ ಹೇಳಿದ್ದರೆ ಪದವಿ ಹೋಗುತ್ತಿತ್ತು. ಆಮೇಲೆ ಹೇಳಿದ್ದರೆ ಕೆಲಸ. ಆಮೇಲೆ ಮದುವೆ, ಮಗು... ಪ್ರತಿ ವರ್ಷ ಬಾಗಿಲು ಇನ್ನಷ್ಟು ಕಿರಿದಾಗುತ್ತ ಹೋಯಿತು, ಅದನ್ನು ಎಳೆದುಕೊಳ್ಳುತ್ತಿದ್ದವನೂ ನಾನೇ. ಪ್ರತಿ ವರ್ಷ ಅದೇ ಪಾಠ — 'ಕೊಪ್ಪದ ಮತ್ತು ಮಳವಳ್ಳಿಯ ಏಡಿಗಳ ನಡುವೆ ಯಾವ ತಡೆಯೂ ಇಲ್ಲ'. ನನ್ನದೇ ಅಚ್ಚಾದ ಲೇಖನ. ನಡುವೆ ಯಾವ ಹುಡುಗನಾದರೂ ಕೈಯೆತ್ತಿದರೆ ಸಿಕ್ಕಿಬಿದ್ದೆ ಅಂದುಕೊಳ್ಳುತ್ತಿದ್ದೆ. ಅವನು ಕೇಳುತ್ತಿದ್ದದ್ದು ಪರೀಕ್ಷೆಗೆ ಬರುತ್ತದಾ ಎಂದು.

ಆದರೂ ಒಂದು ಆಸೆ ಇಟ್ಟುಕೊಂಡಿದ್ದೆ. ಚೀಟಿ ಸುಳ್ಳಾದರೂ ಲೇಖನದ ಮಾತು ನಿಜವಿರಬಹುದು, ನಿನ್ನ ಐಸು ನಿಜವಾಗಿಯೂ ಕರಗಿರಬಹುದು ಎಂದು. ಪರೀಕ್ಷಿಸಿ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಹೋದ ತಿಂಗಳು ನಿಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನನ್ನನ್ನು ಕರೆಸಿದೆ. ಮಕ್ಕಳೆದುರು ನಿಂತು ನನ್ನನ್ನು ತೋರಿಸಿ ನೀನು ಹೇಳಿದೆ: "ಇವ್ರು, ನಾನು ಒಂದೇ ಕೆಲ್ಸ ಮಾಡ್ದೋರು ಕಣ್ರಪ್ಪ. ಇವ್ರು ಸಿಸ್ತಾಗಿ ಮಾಡುದ್ರು. ನಾನು ಐಸ್ ಸರ್ಯಾಗ್ ಆಕ್ದೆ ಮಾಲ್ ಕೆಡಿಸ್ಬುಟ್ಟೆ. ಅಸಡ್ಡೆ ಮಾಡುದ್ರೆ ಇಂಗೇ ಆಗಾದು. ನನ್ನಂಗ್ ಮಾಡ್ಬ್ಯಾಡಿ." ಪ್ರತಿ ವರ್ಷವೂ ಇದನ್ನು ಹೇಳುತ್ತೇನೆಂದು ಆಮೇಲೆ ನನಗೆ ತಿಳಿಸಿದೆ, ನಗುತ್ತಲೇ. ನಾನು ಹಾರ ಹಾಕಿಸಿಕೊಂಡು ಬಂದೆ. ಮಡಕೆಯ ಚೀಟಿಗಿಂತ ಆ ದಿನದ ನನ್ನ ಮೌನಕ್ಕೆ ನಾನು ಹೆಚ್ಚು ಹೇಸುತ್ತೇನೆ.

ಮರುವಾರವೇ ಮಳವಳ್ಳಿ ಕೆರೆಗೆ ಇಳಿದೆ, ಹಾಡಹಗಲಲ್ಲಿ. ಸುದ್ದಿ ತಿಳಿದು ಅಪ್ಪ ಏರಿಯ ಮೇಲೆ ಬಂದು ನಿಂತರು. ಮಡಕೆ ನೋಡಿದರು, ನನ್ನ ಮುಖ ನೋಡಿದರು. "ಹಿತ್ತಲಲ್ಲಿ ಸ್ನಾನ ಮಾಡಿ ಒಳಗೆ ಬಾ, ಊಟಕ್ಕೆ ಹೊತ್ತಾಯಿತು" ಎಂದು ಹೊರಟುಹೋದರು. ಅಷ್ಟೇ. ಒಂದು ಸ್ನಾನಕ್ಕೆ ಮುಗಿಯುವ ವಿಷಯಕ್ಕೆ ನಿನ್ನ ಓದನ್ನು ಹಾಳುಮಾಡಿದ್ದೆ.

ಆ ಏಡಿಗಳನ್ನು ಜೀವಂತವಾಗಿಯೇ ಮೈಸೂರಿಗೆ ಒಯ್ದು ಗೆರೆ ತೆಗೆದೆ. ನೀನು ತೋರಿಸಿದ ಜಾಗದಲ್ಲೇ ನಿಂತಿವೆ. ನಿನ್ನ ಐಸು ಸಾಕಷ್ಟಿತ್ತು, ಸಿದ್ದರಾಜು.

ಪ್ರೊಫೆಸರಿಗೂ ಲೇಖನ ಅಚ್ಚು ಹಾಕಿದ ಪತ್ರಿಕೆಗೂ ನಡೆದದ್ದನ್ನು ಬರೆದು ಇವತ್ತು ಅಂಚೆಗೆ ಹಾಕಿದ್ದೇನೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಬಸರಾಳಿಗೆ ಬರುತ್ತೇನೆ. ನೀನು ಬೇಡವೆಂದರೂ ನಿನ್ನ ತರಗತಿಗೆ ಬರುತ್ತೇನೆ. ಇಷ್ಟು ವರ್ಷ ನೀನು ಆ ಮಕ್ಕಳೆದುರು ನಿಂತು ಒಪ್ಪಿಕೊಂಡದ್ದು ನನ್ನ ತಪ್ಪನ್ನು.