ಗಾದಿಲಿಂಗಪ್ಪ ಮಾಸ್ತರ ಅರ್ಧಕ್ಕೇ ನಿಲ್ಲಿಸಿದ ಪಾಠ

ತಾವರಗೇರಾದ ವಿಜ್ಞಾನದ ಮಾಸ್ತರ ಗಾದಿಲಿಂಗಪ್ಪನಿಗೆ ಡಿಎನ್‌ಎ ಪಾಠವೆಂದರೆ ಹಬ್ಬ. ಎರಡು ಹಗ್ಗಕ್ಕೆ ಜೋಳದ ದಂಟಿನ ತುಂಡುಗಳನ್ನು ಅಡ್ಡಡ್ಡ ಕಟ್ಟಿ ಏಣಿ ಮಾಡುವನು. ತುದಿಯನ್ನು ಜಂತಿಗೆ ತೂಗುಹಾಕಿ ಕೆಳಗಿನಿಂದ ತಿರುವಿದರೆ ಏಣಿ ಸುರುಳಿಯಾಗುತ್ತಿತ್ತು.

"ಐವತ್ಮೂರನೇ ಇಸ್ವಿಯೊಳಗ ವಿಲಾಯತಿಯಾಗ ಇದರ ಆಕಾರ ಕಂಡುಹಿಡಿದ್ರು. ನಿಮ್ಮ ಮೂಗು, ನಿಮ್ಮ ಬಣ್ಣ ಎಲ್ಲಾ ಇದರಾಗ ಬರದಿರತೈತಿ. ಅಪ್ಪಂದೊಂದು ಪ್ರತಿ, ಅವ್ವಂದೊಂದು ಪ್ರತಿ."

ಅಲ್ಲಿಗೆ ಪುಸ್ತಕ ಮುಚ್ಚುವನು. ಮುಂದಿನದು ಅವನ ಮನೆಯ ಸುದ್ದಿ.

ಹೆಂಡತಿ ಪಾರಮ್ಮ ಅವನ ಸ್ವಂತ ಅಕ್ಕ ಕರಿಯವ್ವನ ಮಗಳು. ಅಕ್ಕನ ಮಗಳಿರುವಾಗ ಹೊರಗಿನ ಹೆಣ್ಣು ತರುವುದೆಂದರೆ ಬಳಗಕ್ಕೆ ಅವಮಾನ ಮಾಡಿದಂತೆ. ಮೊದಲ ಇಬ್ಬರು ಗಂಡುಮಕ್ಕಳು ಹುಟ್ಟುಕಿವುಡರಾದರು. ಮೂರನೆಯವಳಾದ ಹಂಪವ್ವನಿಗೆ ಮಾತ್ರ ಕಿವಿ ಚೆನ್ನಾಗಿ ಕೇಳುತ್ತಿತ್ತು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಧಾರವಾಡದ ತರಬೇತಿಗೆ ಹೋದಾಗ ಅವನಿಗೆ ಉಳಿದರ್ಧ ಪಾಠ ಸಿಕ್ಕಿತು. ಹಿರಿಯರಲ್ಲಿ ಅಡಗಿದ್ದ ಒಂದೇ ದೋಷ, ರಕ್ತಸಂಬಂಧದಲ್ಲಿ ಲಗ್ನವಾದರೆ, ಮಗುವಿನ ಎರಡೂ ಪ್ರತಿಗಳಲ್ಲಿ ಬಂದು ಕೂಡಬಹುದು. ಊರಿಗೆ ಬಂದವನು ಬಾಯಿಗೆ ಬೀಗ ಹಾಕಿಕೊಂಡ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಹಾಗಾಯಿತು ಮಾಸ್ತರನ ಬಾಳು. ಹೇಡಿಯೆಂದರೂ ತಪ್ಪಿಲ್ಲ.

ಎಂಬತ್ತೆಂಟರಲ್ಲಿ ಕರಿಯವ್ವ ಕುಪ್ಪಸದ ಕಣ ಹಿಡಿದು ಬಂದಳು. ಹಂಪವ್ವನನ್ನು ತನ್ನ ಮಗ ಕುಬೇರಪ್ಪನಿಗೆ, ಅಂದರೆ ಪಾರಮ್ಮನ ತಮ್ಮನಿಗೆ, ತಂದುಕೊಳ್ಳಲು. ಪಾರಮ್ಮನ ಮುಖ ಅರಳಿತು. ಮಗಳು ತನ್ನ ತವರಿಗೇ ಸೊಸೆಯಾಗುವಳು!

"ಬ್ಯಾಡಕ್ಕಾ," ಎಂದ ಗಾದಿಲಿಂಗಪ್ಪ. "ಹೊರಗ ಕೊಡ್ತೀನಿ."

"ನನ್ನ ಮಗಳು ನಿನಗ ಬೇಕಾಗಿದ್ಲು, ನನ್ನ ಮಗ ಬ್ಯಾಡಾದ್ನೇನೋ?" ಕರಿಯವ್ವ ಸೆರಗು ಝಾಡಿಸಿ ಎದ್ದಳು.

ಇನ್ನು ಸುಮ್ಮನಿದ್ದರೆ ಹಂಪವ್ವನ ಮಡಿಲಿಗೂ ಅದೇ ಬರಬಹುದು. ಒಂಬತ್ತು ವರ್ಷ ನುಂಗಿದ್ದನ್ನು ಅವನು ಹೊರಗೆ ಹಾಕಿದ. ದೋಷ ತನ್ನೊಳಗೂ ಇದೆ, ಪಾರಮ್ಮನೊಳಗೂ ಇದೆ, ಎರಡೂ ಕೂಡಿದ್ದರಿಂದಲೇ ಮಕ್ಕಳಿಗೆ ಕಿವಿ ಕೇಳದಂತಾಗಿರಬೇಕು ಎಂದ. ಕರಿಯವ್ವ ನೆಲಕ್ಕೆ ಉಗುಳಿ ಹೊರಟುಹೋದಳು. ಪಾರಮ್ಮ ಕದಲಲಿಲ್ಲ.

"ಯಾವಾಗ ಗೊತ್ತಾತು ನಿಮಗ?"

"ಧಾರವಾಡಕ್ಕ ಹೋದಾಗ."

ಪಾರಮ್ಮ ಬೆರಳು ಮಡಿಚಿ ವರ್ಷ ಎಣಿಸಿದಳು.

"ನನ್ನ ಪಾಪಕ್ಕ ಮಕ್ಕಳು ಹಿಂಗಾದ್ವು ಅಂತ ವರ್ಷಾ ವರ್ಷಾ ಹುಲಿಗಿ ದೇವಿ ಗುಡಿಯಾಗ ಉರುಳಸೇವಾ ಮಾಡೀನಿ. ಮೈಯೆಲ್ಲಾ ಕಿತ್ತು ರಕ್ತ ಬರ್ತಿತ್ತು. ಬಸ್ಸಿಗೆ ಹತ್ತಿಸಿ ಬರಾಕ ನೀವ ಬರ್ತಿದ್ರಿ. ಒಂದಾರ ವರ್ಷ ಇಳಿ ಅಂತ ಯಾಕ ಅನ್ನಲಿಲ್ಲ?"