ಶೋಭಾರಾಣಿಯ ಮೂಗು

ಲಕ್ಷ್ಮಯ್ಯ ಗ್ಯಾಸ್ ರೂಮಿನಲ್ಲಿ ಬೀಡಿ ಹಚ್ಚಿ, ಸುಟ್ಟುಕೊಂಡು ಸತ್ತ ಎಂದು ಪೀಣ್ಯ ಎರಡನೇ ಹಂತದ ಆ ಬೀದಿಯೆಲ್ಲ ನಂಬಿತ್ತು. ಅಲ್ಲ ಎಂದು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬ ಮಾಲೀಕ ಶಿವಶಂಕರ್, ಅವನು ಬಾಯಿ ಬಿಡುವ ಪೈಕಿಯಲ್ಲ. ಇನ್ನೊಬ್ಬಳು ಶೋಭಾರಾಣಿ, ಅವಳಿಗೆ ಬಾಯಿ ಬಿಡಲು ಹೆದರಿಕೆ.

ಲಗ್ಗೆರೆಯ ಶೋಭಾರಾಣಿ ಆ ಸ್ಪ್ರೇ ಕಾರ್ಖಾನೆಯ ಬಿಸಿನೀರಿನ ತೊಟ್ಟಿಯ ಮುಂದೆ ಹನ್ನೊಂದು ವರ್ಷ ನಿಂತವಳು. ಮೈಗೆ ಹೊಡೆದುಕೊಳ್ಳುವ ಸೆಂಟು, ಜಿರಳೆಗೆ ಹೊಡೆಯುವ ಔಷಧಿ, ಗೇಟಿಗೆ ಹೊಡೆಯುವ ಬಣ್ಣ, ಎಲ್ಲವೂ ಅಲ್ಲಿ ತಗಡಿನ ಡಬ್ಬಿ ಸೇರುತ್ತಿದ್ದವು. ಒಳಗೇನಿದೆ ಎಂದು ಕೊಂಡವರು ಯಾಕೆ ಕೇಳುತ್ತಾರೆ. ಸೆಂಟಿನ ಡಬ್ಬಿಯಲ್ಲಿ ಸೆಂಟು ಒಂದು ಚಮಚ, ಒಂದಿಷ್ಟು ಸ್ಪಿರಿಟ್ಟು, ಉಳಿದದ್ದು ಒತ್ತಿ ತುಂಬಿದ ಗ್ಯಾಸು. ಗುಂಡಿ ಅದುಮಿದರೆ ಆ ಗ್ಯಾಸೇ ಒಳಗಿನದನ್ನು ಸಣ್ಣ ಕೊಳವೆಯಲ್ಲಿ ಮೇಲಕ್ಕೆ ದೂಡಿ ಮಂಜು ಮಾಡಿ ಎರಚುತ್ತದೆ. ಹಳಸುವುದಿಲ್ಲ, ಚೆಲ್ಲುವುದಿಲ್ಲ, ಕೈಗೆ ಅಂಟುವುದಿಲ್ಲ. ನಮ್ಮ ಅಷ್ಟು ಅನುಕೂಲಕ್ಕಾಗಿ ದಿನವಿಡೀ ಬೆಂಕಿಯ ಮಗ್ಗುಲಲ್ಲಿ ನಿಲ್ಲುವವರು ಬೇರೆ ಇರುತ್ತಾರೆ.

ಮಗಳು ಕೃಪಾಗೆ ಉಬ್ಬಸ ಬಂದಾಗ ಉಸಿರು ಕೊಡುತ್ತಿದ್ದ ಪಂಪೂ ಇದೇ ಜಾತಿಯದು. ಆದರೆ ಅಮ್ಮನ ಸೀರೆಗೆ ಹತ್ತಿದ ಸೆಂಟಿಗೂ ಅವಳಿಗೆ ಉಬ್ಬಸ ಏಳುತ್ತಿತ್ತು. ಶೋಭಾರಾಣಿ ಕೆಲಸದಿಂದ ಬಂದವಳು ನೇರ ಬಚ್ಚಲಿಗೆ ಹೋಗಿ, ಮೈ ತೊಳೆದ ಮೇಲೆಯೇ ಮಗಳನ್ನು ಮಾತಾಡಿಸುತ್ತಿದ್ದಳು.

ತುಂಬಿದ ಡಬ್ಬಿಯನ್ನು ಬಿಸಿನೀರಿನಲ್ಲಿ ಮುಳುಗಿಸಿದಾಗ ಗುಳ್ಳೆ ಎದ್ದರೆ ಅದು ಸೋರುವ ಡಬ್ಬಿ, ಅದನ್ನು ಹೆಕ್ಕಿ ತೆಗೆಯುವುದು ಅವಳ ಕೆಲಸ. ಕಣ್ಣಿಗಿಂತ ಅವಳ ಮೂಗು ಚುರುಕು. ಡ್ರಮ್ಮಿನ ಮುಚ್ಚಳ ಸಡಿಲಿಸಿದರೆ ಸಾಕು, ಇದು ನಿಂಬೆ, ಇದು ಗಂಧ, ಇದು 'ಓಷನ್' ಎಂದು ತೊಟ್ಟಿಯ ಹತ್ತಿರದಿಂದಲೇ ಹೇಳುತ್ತಿದ್ದಳು. ಅದು ಯಾವ ಸಮುದ್ರದ ವಾಸನೆಯೋ ದೇವರೇ ಬಲ್ಲ, ಮೀನಿನ ಸುಳಿವೇ ಇರಲಿಲ್ಲ. ಗ್ಯಾಸ್ ತುಂಬುವ ಮಿಷನ್ನಿನ ಲಕ್ಷ್ಮಯ್ಯನಂತೂ ಅವಳ ಮೂಗನ್ನು ಯಂತ್ರಕ್ಕಿಂತ ಹೆಚ್ಚು ನಂಬಿದ್ದ. ಯಂತ್ರವೂ ಒಂದಿತ್ತು. ಗ್ಯಾಸ್ ಸೋರಿದರೆ ಕೂಗಬೇಕಾದ ಆ ಪೆಟ್ಟಿಗೆ ಸ್ಪಿರಿಟ್ಟಿನ ಡ್ರಮ್ಮು ತೆರೆದಾಗಲೆಲ್ಲ ಕೂಗುತ್ತದೆ ಎಂದು ಶಿವಶಂಕರ್ ಅದರ ವೈರು ಕೀಳಿಸಿದ್ದ.

ಆಯುಧಪೂಜೆಯ ಬೆಳಿಗ್ಗೆ ಎಲ್ಲರೂ ಮುಂದಿನ ಅಂಗಳದಲ್ಲಿ ಬೂದುಗುಂಬಳಕಾಯಿಗೆ ಕುಂಕುಮ ತುಂಬುತ್ತಿದ್ದರು. ಹಿಂದಿನ ಗ್ಯಾಸ್ ರೂಮಿನಲ್ಲಿ ಬೆಂಕಿ ನಿಷೇಧ, ಅಲ್ಲಿನ ಮಿಷನ್ನಿಗೆ ಪ್ರತಿ ವರ್ಷ ಅರಿಶಿನ ಕುಂಕುಮ, ಹೂವು ಅಷ್ಟೇ. ಆದರೆ ಲಕ್ಷ್ಮಯ್ಯನಿಗೆ ಅದು ಕೊನೆಯ ದಸರಾ, ಮುಂದಿನ ತಿಂಗಳು ರಿಟೈರು. ಮಡಿಪಂಚೆ ಉಟ್ಟು, ಕರ್ಪೂರದ ತಟ್ಟೆ ಹಿಡಿದು ಶೋಭಾರಾಣಿಯನ್ನು ಹಿಂದಕ್ಕೆ ಕರೆದ.

"ಎಲ್ಲಾ ಮಿಷನ್ನಿಗೂ ಮಂಗಳಾರತಿ ಆಯ್ತದೆ, ಅನ್ನ ಹಾಕಿದ್ದು ಇದು, ಇದಕ್ಕೆ ಮಾತ್ರ ಇಲ್ಲ. ಒಂದೇ ಒಂದು ಬಿಲ್ಲೆ ಹಚ್ತೀನಿ ಕಣಮ್ಮ."

ಆರತಿ ಆರಬಾರದೆಂದು ಗಾಳಿ ಎಳೆಯುವ ಫ್ಯಾನನ್ನು ಆಗಲೇ ನಿಲ್ಲಿಸಿದ್ದ. "ನಿನ್ನ ಮೂಗೇನಂತದೆ?" ಎಂದ.

ಶೋಭಾರಾಣಿ ಬಾಗಿಲಲ್ಲಿ ನಿಂತು ಉಸಿರೆಳೆದಳು. ಮನೆಯಲ್ಲಿ ಸಿಲಿಂಡರು ಸೋರಿದರೆ ಕೊಳೆತ ಮೊಟ್ಟೆಯ ಹಾಗೆ ಗಬ್ಬು ಹೊಡೆಯುವುದು ಅವಳಿಗೆ ಗೊತ್ತಿತ್ತು. ಇಲ್ಲಿ ಮೂಗಿಗೆ ಬಿದ್ದದ್ದು ಸೇವಂತಿಗೆ, ಬಾಳೆಹಣ್ಣು.

"ಏನೂ ಇಲ್ಲಣ್ಣ. ಹಚ್ಚಿ," ಎಂದು ಹೇಳಿ ತೆಂಗಿನಕಾಯಿ ತರಲು ತಿರುಗಿದಳು. ಹತ್ತು ಹೆಜ್ಜೆ ಹಾಕಿರಬೇಕು, ಹಿಂದೆ ದಬ್ಬೆಂದಿತು.

ಲಕ್ಷ್ಮಯ್ಯ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ, ಒಂದು ಮಾತೂ ಆಡಲಿಲ್ಲ. ಅವನು ತೀರಿಹೋದ ದಿನವೇ ಶಿವಶಂಕರ್ ಅವಳನ್ನು ಆಫೀಸಿಗೆ ಕರೆಸಿ, ಕರ್ಪೂರದ ವಿಷಯವನ್ನೆಲ್ಲ ಅವಳ ಬಾಯಿಂದ ಕೇಳಿಕೊಂಡ. "ಬೀಡಿ ಅಂದ್ರೆ ಎಲ್ಲಾ ಅಲ್ಲಿಗೇ ಮುಗಿಯುತ್ತೆ. ಹಚ್ಚಿ ಅಂದವಳು ನೀನು ಅಂತ ಗೊತ್ತಾದ್ರೆ ಮೊದಲು ನಿನ್ನನ್ನೇ ಎಳೀತಾರೆ, ನೋಡ್ಕೊ," ಎಂದ. ಕಿತ್ತ ವೈರಿನ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ತನಿಖೆಗೆ ಬಂದ ಅಧಿಕಾರಿ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ, ವಾಸನೆ ಬಂದಿತ್ತೇ ಎಂದು. ಇಲ್ಲ ಎಂದಳು.

"ಬರಲ್ಲಮ್ಮ. ಅಡುಗೆ ಗ್ಯಾಸಿಗೆ ಜನಕ್ಕೆ ಗೊತ್ತಾಗ್ಲಿ ಅಂತ ಗಬ್ಬು ಬೆರೆಸಿರ್ತಾರೆ. ಸ್ಪ್ರೇಗೆ ಅದು ಬೆರೆತ್ರೆ ಸೆಂಟು ಕೆಟ್ಟುಹೋಗಲ್ವಾ? ಅದಕ್ಕೇ ವಾಸನೆ ಇಲ್ಲದ್ದನ್ನೇ ತರಿಸ್ತಾರೆ. ನೆಲದ ಮೇಲೆ ಸುಮ್ನೆ ಹರಡ್ಕೊಂಡಿರುತ್ತೆ," ಎಂದು ಬರೆದುಕೊಳ್ಳುತ್ತಲೇ ಹೇಳಿದ. ಹನ್ನೊಂದು ವರ್ಷದಲ್ಲಿ ಈ ಒಂದು ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಬೀದಿಯಲ್ಲಿ ಎಲ್ಲರೂ ತಮ್ಮ ಮೂಗಿನ ನೇರಕ್ಕೆ ಮಾತಾಡಿದರು. ಆ ಬೀಡಿಯ ಮಾತು ಹೋಗಿ ನಾಟಿದ್ದು ಲಕ್ಷ್ಮಯ್ಯನ ಹೆಂಡತಿ ನಾಗಲಕ್ಷ್ಮಮ್ಮನಿಗೆ. ಒಂಬತ್ತು ವರ್ಷದ ಹಿಂದೆ ಅವಳಿಗೆ ಆಪರೇಷನ್ ಆದಾಗ, ಅವಳ ತಲೆ ಮುಟ್ಟಿ ಲಕ್ಷ್ಮಯ್ಯ ಬೀಡಿ ಬಿಟ್ಟಿದ್ದ. ಗಂಡ ಸತ್ತದ್ದು ಒಂದು ದುಃಖ, ಒಂಬತ್ತು ವರ್ಷ ಸುಳ್ಳು ಹೇಳಿದ ಎಂಬುದು ಇನ್ನೊಂದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ, ಲಕ್ಷ್ಮಯ್ಯನದು ಬೀಡಿಗೆ ಹೋಗಿತ್ತು. ಆಕೆ ಅವನ ಫೋಟೋವನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದಾಳೆ ಎಂದು ತೊಟ್ಟಿಯ ಹತ್ತಿರ ಯಾರೋ ಹೇಳಿದರು. ತನಗೆ ಆಗುತ್ತಿದ್ದದ್ದು ನಾಚಿಕೆ ಎಂದು ಶೋಭಾರಾಣಿಗೆ ಚೆನ್ನಾಗಿ ಗೊತ್ತಿತ್ತು. ಇನ್ನೂ ಎರಡು ದಿನ ಆ ನಾಚಿಕೆಯನ್ನು ನುಂಗಿಕೊಂಡೇ ಡಬ್ಬಿ ಮುಳುಗಿಸಿದಳು.

ಹನ್ನೊಂದನೆಯ ದಿನ ಕಾರ್ಯ ಮುಗಿದು ನೆಂಟರು ಚದುರಿದ ಮೇಲೆ ಅವರ ಮನೆಗೆ ಹೋದಳು. ನಾಗಲಕ್ಷ್ಮಮ್ಮ ಪಾತ್ರೆ ತಿಕ್ಕುತ್ತಿದ್ದಳು.

"ಅಕ್ಕ, ಅಣ್ಣ ಬೀಡಿ ಸೇದಿರಲಿಲ್ಲ. ಮಿಷನ್ನಿಗೆ ಕರ್ಪೂರ ಹಚ್ಚೋಕೆ ಹೋಗಿದ್ರು. ಹಚ್ಚಲಾ ಅಂತ ನನ್ನ ಕೇಳಿದ್ರು. ಹಚ್ಚಿ ಅಂದೆ."

ನಾಗಲಕ್ಷ್ಮಮ್ಮನ ಕೈ ನಿಂತಿತು. "ದೇವ್ರಾಣೆ?"

"ಕೃಪಾ ಮೇಲಾಣೆ."

ಆಕೆ ಎದ್ದು, ಕೈ ಒರೆಸಿಕೊಂಡು, ಫೋಟೋವನ್ನು ಈಚೆಗೆ ತಿರುಗಿಸಿದಳು. ಸೆರಗಿನಲ್ಲಿ ಗಾಜು ಒರೆಸಿದಳು. "ಸೇದಿಲ್ವಂತೆ ಕಣ್ರೀ ನೀವು," ಎಂದು ಗಂಡನಿಗೆ ಹೇಳಿದಳು. ಆಮೇಲೆ ಹಿಂದಕ್ಕೆ ತಿರುಗದೆಯೇ ಹೇಳಿದಳು:

"ನೀನಿನ್ನು ಎದ್ದೋಗು ಶೋಭಾ. ಈ ಬಾಗಿಲು ತುಳೀಬೇಡ."