ಬಲಗಣ್ಣಿಗೊಂದು ಮದ್ದು, ಎಡಗಣ್ಣಿಗೊಂದು

ಶೇಖರ ನೌಪಾಡಾದ ಒಂದು ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ದೋಸೆ ಹೊಯ್ಯುತ್ತಿದ್ದವರು. ಕುಂದಾಪುರದ ಕಡೆಯವರು, ಮಾತು ಕಡಿಮೆ. ಸಕ್ಕರೆ ಕಾಯಿಲೆ ಹಳೆಯದು. ಕಳೆದ ವರ್ಷ ಕಾವಲಿಯ ಅಂಚು ಅವರಿಗೆ ಸೊಟ್ಟಗೆ ಕಾಣತೊಡಗಿತು. ಸ್ಟೇಷನ್ನಿನಲ್ಲಿ ಮನೆ ಕಡೆಯ ಡೊಂಬಿವಲಿ ಲೋಕಲ್ ರೈಲು ಯಾವುದೆಂದು ಪಕ್ಕದವರನ್ನು ಕೇಳಿ ಹತ್ತುತ್ತಿದ್ದರು. ಮನೆಯಲ್ಲಿ ಹೇಳಲಿಲ್ಲ.

ನೀರು ಬಗ್ಗಿಸುವಾಗ ಗಂಡ ಲೋಟದೊಳಗೆ ಬೆರಳಿಟ್ಟು ಅಳತೆ ನೋಡುವುದು ಹೆಂಡತಿ ಪ್ರಫುಲ್ಲಾರ ಕಣ್ಣಿಗೆ ಬಿದ್ದಿತ್ತು. ಅಂದಿನಿಂದ ಅವರು ಚಪ್ಪಲಿ, ಬೀಗದ ಕೈ, ಮಾತ್ರೆ ಡಬ್ಬಿಗಳನ್ನು ದಿನವೂ ಒಂದೇ ಜಾಗದಲ್ಲಿ ಇಟ್ಟರು. ಒಂದು ಭಾನುವಾರ ಶೇಖರ ತಪ್ಪು ಮಾತ್ರೆ ಬಾಯಿಗಿಡಲು ಹೋದಾಗ ಕೈ ಹಿಡಿದು ತಡೆದರು. ಮರುದಿನವೇ ಕಣ್ಣಾಸ್ಪತ್ರೆಗೆ ಕರೆದೊಯ್ದರು.

ಡಾಕ್ಟರ್ ಅಪರ್ಣಾ ಧಾರವಾಡದವರು. ಸಕ್ಕರೆಯಿಂದ ಕಣ್ಣಿನ ಹಿಂಬದಿಯ ಪರದೆ ಊದಿಕೊಂಡಿದೆ, ಕಣ್ಣೊಳಗೇ ಇಂಜೆಕ್ಷನ್ ಕೊಡಬೇಕು ಎಂದರು. ಬಲಗಣ್ಣಿಗೆ ಅಫ್ಲಿಬರ್ಸೆಪ್ಟ್, ಎಡಗಣ್ಣಿಗೆ ಬಹಳ ಕಡಿಮೆ ಬೆಲೆಯ ಬೆವಾಸಿಝುಮ್ಯಾಬ್ ಬರೆದರು. ಬಡವರೆಂದು ಒಂದು ಕಣ್ಣಿಗೆ ಕೀಳು ಮದ್ದು ಕೊಡುತ್ತಿದ್ದಾರೆಯೇ ಎಂದು ಪ್ರಫುಲ್ಲಾರಿಗೆ ಅಳುಕು.

"ಎರಡಕ್ಕೂ ಒಳ್ಳೇದೇ ಹಾಕಿ ಡಾಕ್ಟ್ರೇ. ಹೇಗಾದ್ರೂ ಮಾಡ್ತೇವೆ."

"ಎರಡೂ ಛಲೋ ಔಷಧನ, ಕಾಕೂ. ಎಡಗಣ್ಣಿನ ದೃಷ್ಟಿ ಸ್ವಲ್ಪ ಕಮ್ಮಿ ಆಗೇದ ಅಷ್ಟ. ಅಂಥಾ ಕಣ್ಣಿಗೆ ಯಾವುದು ಕೊಟ್ರೂ ಹೆಚ್ಚುಕಮ್ಮಿ ಒಂದ ಗುಣ. ಬಲಗಣ್ಣು ಭಾಳ ಕೆಟ್ಟದ. ಅದಕ್ಕ ಮೊದಲ ವರ್ಷ ಈ ತುಟ್ಟಿ ಔಷಧ ಜಾಸ್ತಿ ಕೆಲಸ ಮಾಡ್ತದ."

ಮೊದಲ ಇಂಜೆಕ್ಷನ್ನಿಗೆ ಹೊರಗೆ ಕಾಯುತ್ತಿದ್ದಾಗ ಶೇಖರ ಹೆಂಡತಿಯ ಕಡೆ ತಿರುಗಿದರು. "ನಿನ್ನತ್ರ ಮೊದ್ಲೇ ಹೇಳ್ಬೇಕಿತ್ತು," ಎಂದರು.

"ನಂಗೆ ಗೊತ್ತಿತ್ತು. ನೀವೇ ಹೇಳ್ಲಿ ಅಂತ ಕಾದೆ," ಎಂದರು ಪ್ರಫುಲ್ಲಾ. "ನಾನೂ ಕಾಯ್ಬಾರ್ದಿತ್ತು."

ಹನಿ ಹಾಕಿ ಮರಗಟ್ಟಿಸಿದ್ದರಿಂದ ಸೂಜಿ ಚುಚ್ಚಿದ್ದು ಒತ್ತಿದಂತಷ್ಟೇ ಅನಿಸಿತು. ಆಮೇಲೆ ಐದು ತಿಂಗಳು, ತಿಂಗಳಿಗೊಮ್ಮೆ ಇಬ್ಬರೂ ಹೋಗಿಬಂದರು. ಎಡಗಣ್ಣು ಬಹುಮಟ್ಟಿಗೆ ತಿಳಿಯಾಯಿತು. ಬಲಗಣ್ಣು ಸುಧಾರಿಸಿತಾದರೂ ಸಣ್ಣ ಅಕ್ಷರ ಇಂದಿಗೂ ಹಿಡಿಯುವುದಿಲ್ಲ; ಅದಕ್ಕೆ ಇಂಜೆಕ್ಷನ್ ಮುಂದುವರಿದಿದೆ. ಚಿಕಿತ್ಸೆಗೆಂದು ಬಿಟ್ಟಿದ್ದ ಬೆಳಗಿನ ಪಾಳಿಗೆ ಶೇಖರ ಮತ್ತೆ ನಿಂತರು.

ಹೋಟೆಲಿನಲ್ಲಿ ಹಿಟ್ಟು ರುಬ್ಬುವ ವಿಠಲನಿಗೂ ಸಕ್ಕರೆ ಕಾಯಿಲೆ. ಕಣ್ಣು ಚೆನ್ನಾಗಿಯೇ ಕಾಣುತ್ತದೆ ಎಂದು ಅವನು ಜಾರಿಕೊಳ್ಳುತ್ತಿದ್ದ. ರಜೆಯ ದಿನ ಶೇಖರ ಅವನನ್ನೂ ಆಸ್ಪತ್ರೆಗೆ ಎಳೆದೊಯ್ದರು. ಪರದೆಗೆ ಏನೂ ಆಗಿರಲಿಲ್ಲ. ಪರೀಕ್ಷೆಗೆ ಹಾಕಿದ ಹನಿಯಿಂದ ವಿಠಲನಿಗೆ ಹೊರಗಿನ ಬಿಸಿಲು ಕಣ್ಣು ಕುಕ್ಕಿತು. ಶೇಖರ ಅವನ ತೋಳು ಹಿಡಿದು ರಸ್ತೆ ದಾಟಿಸಿದರು.